ಮುದ್ದೆ, ಜೋಳದ ರೊಟ್ಟಿ, ಬಿಳಿ ಅನ್ನ: ಯಾರಿಗೆ ಯಾವುದು?

ಅಮ್ಮನಿಗೆ ಶುಗರ್ ಬಂದಿದೆ, ಅನ್ನ ಬಿಡಿಸಲೇಬೇಕಾ ಎಂದು ಕೇಳಿದ್ದೀರಿ. ಪೂರ್ತಿ ಬಿಡಿಸಬೇಕಿಲ್ಲ. ಎಷ್ಟು ತಿಂತಾರೆ, ಜೊತೆಗೆ ಏನು ತಿಂತಾರೆ ಅನ್ನೋದು ಮುಖ್ಯ.

ನಾರಿನಂಶದಲ್ಲಿ ರಾಗಿ, ಜೋಳ ಎರಡೂ ಮುಂದೆ. 100 ಗ್ರಾಂಗೆ ಸುಮಾರು 10 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರಲ್ಲ. ಕ್ಯಾಲ್ಸಿಯಂ ಬೇಕಂದರೆ ರಾಗಿಯೇ: 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಜಾಸ್ತಿ. ಹಾಗಂತ ರಾಗಿಯನ್ನು ಎಷ್ಟು ಬೇಕಾದರೂ ತಿನ್ನಬಹುದು ಅಂತಲ್ಲ. ಅದರಲ್ಲೂ ಪಿಷ್ಟ ತುಂಬಾ ಇದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದರೆ ಶುಗರ್ ಬೇಗ ಏರುತ್ತದೆ. ಸಣ್ಣದೊಂದು ಮುದ್ದೆ, ಬಟ್ಟಲು ತುಂಬಾ ಬಸ್ಸಾರು, ಪಕ್ಕದಲ್ಲಿ ಸೊಪ್ಪಿನ ಪಲ್ಯ ಇರಲಿ.

ಮಾಡೋದು ಸುಲಭ ಅಂದರೆ ಅನ್ನ. ಜೋಳದ ಹಿಟ್ಟನ್ನು ಬಿಸಿ ನೀರಲ್ಲಿ ಚೆನ್ನಾಗಿ ನಾದಬೇಕು, ಇಲ್ಲದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಆದರೆ ಖಡಕ್ ರೊಟ್ಟಿ ಮಾಡಿಟ್ಟರೆ ವಾರಗಟ್ಟಲೆ ಕೆಡಲ್ಲ.

ಹಲ್ಲಿಲ್ಲದ ಹಿರಿಯರಿಗೆ ಮುದ್ದೆ ಒಳ್ಳೇದು. ಡಬ್ಬಿ ಒಯ್ಯುವವರಿಗೆ ರೊಟ್ಟಿ. ಹೊಟ್ಟೆ ಕೆಟ್ಟಾಗ ಮೆತ್ತನೆ ಅನ್ನ, ಮಜ್ಜಿಗೆ. ಅಮ್ಮ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ದರೆ, ಊಟ ಬದಲಿಸುವ ಮುಂಚೆ ಡಾಕ್ಟರನ್ನು ದಯವಿಟ್ಟು ಕೇಳಿ.