ಡಿಸ್‌ಪ್ಲೇ ಟೈಮಿಂಗ್ ಕೋಡ್: ಮೂರು ರೀತಿ ಬರೆದು ನೋಡಿದೆ

ಲಿನಕ್ಸ್‌ನ ಡಿಆರ್‌ಎಂ (ಕರ್ನಲ್‌ನಲ್ಲಿ ಪರದೆ, ಗ್ರಾಫಿಕ್ಸ್ ನೋಡಿಕೊಳ್ಳುವ ಭಾಗ) ಡ್ರೈವರ್‌ಗಳಲ್ಲಿ ಪರದೆಯ ಟೈಮಿಂಗ್ ಎರಡು ವೇಷದಲ್ಲಿ ಓಡಾಡುತ್ತದೆ. ಡಿಸ್‌ಪ್ಲೇ ಮೋಡ್‌ನಲ್ಲಿ ಇರುವುದು ಸ್ಥಾನಗಳು: 1080ಪಿ, 60 ಹರ್ಟ್ಸ್ ಆದರೆ ಅಡ್ಡಸಾಲಿಗೆ 1920, 2008, 2052, 2200, ಅಂದರೆ ಚಿತ್ರ ಮುಗಿಯುವ ಜಾಗ, ಸಿಂಕ್ ಸಂಕೇತ ಶುರುವಾಗುವ ಜಾಗ (ಎಚ್‌ಸಿಂಕ್ ಸ್ಟಾರ್ಟ್), ಅದು ಮುಗಿಯುವ ಜಾಗ (ಎಚ್‌ಸಿಂಕ್ ಎಂಡ್), ಇಡೀ ಸಾಲಿನ ಕೊನೆ (ಎಚ್‌ಟೋಟಲ್). ವಿಡಿಯೋಮೋಡ್‌ನಲ್ಲಿ ಅದೇ ಸಾಲು 1920, 88, 44, 148: ಚಿತ್ರ, ಸಿಂಕ್‌ಗೆ ಮುಂಚಿನ ಖಾಲಿ ಜಾಗ (ಫ್ರಂಟ್ ಪೋರ್ಚ್), ಸಿಂಕ್, ಅದರ ನಂತರದ ಖಾಲಿ ಜಾಗ (ಬ್ಯಾಕ್ ಪೋರ್ಚ್). ಮೊದಲನೆಯದು ಮೈಲಿಗಲ್ಲಿನ ಸಂಖ್ಯೆ, ಎರಡನೆಯದು ಊರಿಂದೂರಿಗೆ ಇರುವ ದೂರ. ನಾನು ಚೊಕ್ಕ ಮಾಡಬೇಕಿದ್ದ ಡ್ರೈವರ್‌ನ ರಿಜಿಸ್ಟರ್‌ಗಳಿಗೆ ಬೇಕಿದ್ದದ್ದು ದೂರ, ಅದೂ ಒಂದು ಕಳೆದು.

ಹಳೇ ಕೋಡ್ ಡಿಸ್‌ಪ್ಲೇ ಮೋಡ್‌ನಿಂದ ನೇರ ಕಳೆಯುತ್ತಿತ್ತು. ಹೊಸದಾಗಿ ಏನೂ ಬೇಡ, ಅದೊಂದು ಅನುಕೂಲ. ಆದರೆ ‘ಎಚ್‌ಟೋಟಲ್‌ನಿಂದ ಎಚ್‌ಸಿಂಕ್ ಎಂಡ್ ಕಳೆ, ಮತ್ತೆ ಒಂದು ಕಳೆ’ ಅನ್ನುವ ಸಾಲು ಎಲ್‌ವಿಡಿಎಸ್‌ಗೆ ಒಮ್ಮೆ, ಡಿಎಸ್‌ಐಗೆ ಒಮ್ಮೆ (ಎರಡೂ ಪ್ಯಾನೆಲ್‌ಗೆ ಚಿತ್ರ ಕಳಿಸುವ ಬಗೆಗಳು) ಬಂದರೆ, ಆ ‘ಒಂದು’ ಹಾರ್ಡ್‌ವೇರ್ ಕೇಳಿದ್ದೋ ಯಾರೋ ಅಂದಾಜಿಗೆ ಹಾಕಿದ್ದೋ ಎಂದು ಓದುವವರಿಗೆ ತಿಳಿಯುವುದಿಲ್ಲ.

ಎರಡನೆಯದು, ಕರ್ನಲ್‌ನಲ್ಲೇ ಇರುವ ಹೆಲ್ಪರ್ ಫಂಕ್ಷನ್‌ನಿಂದ ವಿಡಿಯೋಮೋಡ್‌ಗೆ ಬದಲಿಸಿಕೊಳ್ಳುವುದು. ಕೋಡ್ ಕರಗಿಹೋಯಿತು, ನೋಡಲು ಬಲು ಚೆಂದ. ಬದಲಾವಣೆಗೆ ಮುಂಚಿನ ಮತ್ತು ನಂತರದ ರಿಜಿಸ್ಟರ್ ಡಂಪ್ ಹೋಲಿಸಿದರೆ ಪ್ರೋಗ್ರೆಸಿವ್ ಮೋಡ್‌ಗಳಲ್ಲಿ (ಇಡೀ ಚಿತ್ರ ಒಂದೇ ಸಲಕ್ಕೆ ಹೋಗುವಂಥವು) ಒಂದಂಕಿಯೂ ಕದಲಿರಲಿಲ್ಲ. ಎಡವಟ್ಟಾದದ್ದು 1080ಐ ಹಾಕಿದಾಗ. ಅದು ಇಂಟರ್‌ಲೇಸ್, ಚಿತ್ರದ ಸಾಲುಗಳು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಹೋಗುತ್ತವೆ; ಒಂದೊಂದು ಕಂತೂ ಒಂದು ಫೀಲ್ಡ್. ಆ ಮೋಡ್‌ನ ಲಂಬ ಅಂಕಿಗಳು 1080, 1084, 1094, 1125. ಹೆಲ್ಪರ್ ಇವನ್ನೇ ಹಿಡಿದು 4, 10, 31 ಎಂದು ಕೊಡುತ್ತದೆ. ಕಂಟ್ರೋಲರ್‌ಗೆ ಬೇಕಿರುವುದು ಒಂದು ಫೀಲ್ಡ್‌ನ ಲೆಕ್ಕ: 540 ಸಾಲು, ಆಮೇಲೆ 2, 5, 15. ಈ ಅರ್ಧ ಮಾಡಿದ ಅಂಕಿಗಳು ಮೋಡ್‌ನ ‘ಸಿಆರ್‌ಟಿಸಿ’ ಅಂಕಣಗಳಲ್ಲಿ (ಹಾರ್ಡ್‌ವೇರ್‌ಗೆ ಕೊಡಲೆಂದೇ ಇರುವ ಟೈಮಿಂಗ್ ಪ್ರತಿ) ಇರುತ್ತವೆ. ಹೆಲ್ಪರ್ ಅತ್ತ ತಿರುಗಿಯೂ ನೋಡುವುದಿಲ್ಲ. ಇಂಟರ್‌ಲೇಸ್ ಯಾರಿಗೆ ಬೇಕು ಅನ್ನಬಹುದು. ಬರೀ ಎಲ್‌ಸಿಡಿ ಪ್ಯಾನೆಲ್ ಓಡಿಸುವ ಡ್ರೈವರ್‌ಗೆ ಬೇಡ, ಅಲ್ಲಿ ನಾನೂ ಇದನ್ನೇ ಆರಿಸುತ್ತೇನೆ. ಎಚ್‌ಡಿಎಂಐ ಇದ್ದ ಕಡೆ ಆ ಮಾತು ನಡೆಯುವುದಿಲ್ಲ.

ಹಾಗಾಗಿ ನಾನು ಉಳಿಸಿಕೊಂಡದ್ದು ಮೂರನೆಯದು: ಸಿಆರ್‌ಟಿಸಿ ಅಂಕಣಗಳನ್ನು ಓದಿ ಪೋರ್ಚ್ ಮತ್ತು ಸಿಂಕ್ ತುಂಬಿಕೊಡುವ ನಮ್ಮದೇ ಪುಟ್ಟ ಫಂಕ್ಷನ್. ಎರಡನೆಯದಕ್ಕಿಂತ ಸಾಲು ಹೆಚ್ಚು, ನಿಜ. ಆದರೆ ಕಳೆಯುವ ಕೆಲಸ ಒಂದೇ ಕಡೆ, ‘ಮೈನಸ್ ಒಂದು’ ರಿಜಿಸ್ಟರ್ ಮ್ಯಾಕ್ರೋ ಒಳಗೆ ಮಾತ್ರ.

ಇದನ್ನೇ ಎಲ್ಲ ಡ್ರೈವರ್‌ಗೂ ಅಂಟಿಸಲು ಹೋಗಬೇಡಿ. ಇಂಟೆಲ್‌ನ ಸಿಂಕ್ ರಿಜಿಸ್ಟರ್ ಶುರು ಮತ್ತು ಕೊನೆಯ ಸ್ಥಾನಗಳನ್ನೇ ಕೇಳುತ್ತದೆ. ಅಲ್ಲಿ ದೂರಕ್ಕೆ ಬದಲಿಸಿ ಮತ್ತೆ ಕೂಡುವುದು ದಂಡ. ಆಲ್‌ವಿನ್ನರ್ ಚಿಪ್‌ಗಳ ಟಿಕಾನ್‌ನಲ್ಲಿ (ಟೈಮಿಂಗ್ ಕಂಟ್ರೋಲರ್) ಬ್ಯಾಕ್ ಪೋರ್ಚ್ ಎಂದರೆ ಸಿಂಕ್ ಕೂಡಿಸಿಯೇ, ಅಂದರೆ 1080ಪಿಗೆ 148 ಅಲ್ಲ, 192. ಅಂಥ ಕಡೆ ಎಚ್‌ಟೋಟಲ್‌ನಿಂದ ಎಚ್‌ಸಿಂಕ್ ಸ್ಟಾರ್ಟ್ ಕಳೆದರೆ ಒಂದೇ ಸಾಲಿಗೆ ಮುಗಿಯಿತು, ಹಳೇ ದಾರಿಯೇ ವಾಸಿ. ಇನ್ನು ಮೂರನೆಯ ದಾರಿ ಹಿಡಿಯುವವರು ಮೊದಲು ನೋಡಬೇಕಾದ್ದು, ನಿಮ್ಮ ಡ್ರೈವರ್ ಸಿಆರ್‌ಟಿಸಿ ಅಂಕಿಗಳನ್ನು ತುಂಬಿಸುವಾಗ ‘ಲಂಬವನ್ನು ಅರ್ಧ ಮಾಡು’ ಎಂಬ ಫ್ಲ್ಯಾಗ್ ಕೊಟ್ಟಿದೆಯೇ ಎಂದು. ಕೊಡದಿದ್ದರೆ ಅಲ್ಲೂ ಅದೇ 4, 10, 31 ಸಿಗುತ್ತದೆ.