ಸ್ಕ್ರೈಬಸ್‌ನಲ್ಲಿ ಕಟ್ಟಿದ 16 ಪುಟದ ಸಂಗೀತ ಪತ್ರಿಕೆ

ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡದ್ದು ಸಂಗೀತ ಪತ್ರಿಕೆ. ಬರಹ, ಫೋಟೊ, ಪುಟ ವಿನ್ಯಾಸ ಎಲ್ಲವನ್ನೂ ಒಬ್ಬರೇ ಮಾಡಬೇಕಿತ್ತು. ಎ4 ಅಳತೆ, 16 ಪುಟ, ಹನ್ನೆರಡು ವಾರ. ಕಂಪ್ಯೂಟರಿನಲ್ಲಿ ತೋರಿಸಿದರೆ ಸಾಲದು, ಅಚ್ಚಾಗಿ ಕೈಗೆ ಬರಬೇಕು ಅನ್ನೋದು ಷರತ್ತು. ಇಡೀ ಪತ್ರಿಕೆಯನ್ನು ಸ್ಕ್ರೈಬಸ್ ಅನ್ನೋ ತಂತ್ರಾಂಶದಲ್ಲಿ ಕಟ್ಟಿದೆ. ಇದೇ ದಾರಿಯಲ್ಲಿ ಹೊರಟವರಿಗೆ ಉಪಯೋಗವಾಗಲಿ ಅಂತ ನನ್ನ ಅನುಭವ ಬರೆಯುತ್ತಿದ್ದೇನೆ.

ಸ್ಕ್ರೈಬಸ್ ಪುಟ ಕಟ್ಟುವುದಕ್ಕೆಂದೇ ಇರುವ ತಂತ್ರಾಂಶ. ದುಡ್ಡು ಕೊಡಬೇಕಾಗಿಲ್ಲ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಇದರ 1.0 ಆವೃತ್ತಿ ಬಂದದ್ದು 2003ರಲ್ಲಿ. ಆದರೆ ಕನ್ನಡದವರಿಗೆ ಇದು ದಕ್ಕಿದ್ದು ಬಹಳ ತಡವಾಗಿ. ಹಳೆಯ 1.4 ಸರಣಿಯಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತಿತ್ತು. 1.5.3ರಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಅನ್ನೋ ತಂತ್ರಾಂಶ ಒಳಗೆ ಬಂತು, ಒತ್ತು, ಅರ್ಕಾವತ್ತು ತಮ್ಮ ತಮ್ಮ ಜಾಗಕ್ಕೆ ಬಂದವು. 2024ರ ಜನವರಿಯಲ್ಲಿ ಸ್ಥಿರ ಆವೃತ್ತಿ 1.6 ಹೊರಬಂತು. ನಾನು ಬಳಸಿದ್ದು ಅದನ್ನೇ. ಯೂನಿಕೋಡ್‌ನಲ್ಲಿ ಬರೆದ ಸಂದರ್ಶನವನ್ನು ಹಾಗೇ ತಂದು ಅಂಟಿಸಿದೆ. 'ಸಂಗೀತಶಾಸ್ತ್ರ'ದ 'ಸ್ತ್ರ' ಸರಿಯಾಗಿ ಕೂತಿತು. ಅಷ್ಟು ಸಾಕು ಅನ್ನಿಸಿತು, ಅವತ್ತೇ ಇದೇ ಇರಲಿ ಅಂತ ತೀರ್ಮಾನ ಮಾಡಿದೆ.

ಮೊದಲ ವಾರ ಸ್ಕ್ರೈಬಸ್ ತುಂಬಾ ನಿಧಾನ ಅನ್ನಿಸುತ್ತದೆ. ಖಾಲಿ ಪುಟ ತೆರೆದು ಸುಮ್ನೆ ಟೈಪ್ ಮಾಡೋಕೆ ಬರುವುದಿಲ್ಲ. ಮೊದಲು ಬರಹಕ್ಕೆ ಒಂದು ಚೌಕಟ್ಟು ಎಳೆಯಬೇಕು, ಫೋಟೊಗೆ ಇನ್ನೊಂದು. ಟಿ ಒತ್ತಿದರೆ ಬರಹದ ಚೌಕಟ್ಟು, ಐ ಒತ್ತಿದರೆ ಚಿತ್ರದ ಚೌಕಟ್ಟು. ಒಂದರಲ್ಲಿ ಬರಹ ಹಿಡಿಸದಿದ್ದರೆ ಅದರ ಕೆಳಗಿನ ಬಲ ಮೂಲೆಯಲ್ಲಿ ಚಿಕ್ಕ ಕೆಂಪು ಗುರುತು ಕಾಣುತ್ತದೆ. ಆಗ ಎನ್ ಒತ್ತಿ ಮುಂದಿನ ಚೌಕಟ್ಟಿಗೆ ಕೊಂಡಿ ಹಾಕಿದರೆ ಉಳಿದ ಬರಹ ಅಲ್ಲಿಗೆ ಹರಿಯುತ್ತದೆ. ಸಿದ್ಧ ಮಾದರಿ ಆರಿಸಿ ಹೆಸರು ಬದಲಿಸುವ ಅಂತರ್ಜಾಲದ ಸಾಧನಗಳನ್ನು ಬಳಸಿದವರಿಗೆ ಇದು ಜಾಸ್ತಿ ಕೆಲಸ. ನನಗೂ ಜಾಸ್ತಿಯೇ ಆಯಿತು. ಆದರೆ ಚೌಕಟ್ಟು ಎಳೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು: ಈ ಪುಟದಲ್ಲಿ ಯಾವುದಕ್ಕೆ ಎಷ್ಟು ಜಾಗ? ಸಿದ್ಧ ಮಾದರಿಯಲ್ಲಿ ಆ ಉತ್ತರವನ್ನು ಬೇರೆ ಯಾರೋ ಆಗಲೇ ಕೊಟ್ಟಿರುತ್ತಾರೆ. ನನ್ನ ಪ್ರಾಜೆಕ್ಟ್ ಇದ್ದದ್ದೇ ಆ ಉತ್ತರ ಹುಡುಕುವುದಕ್ಕೆ, ಅಲ್ವಾ.

ಪತ್ರಿಕೆಗೆ ಮೊದಲು ಇಟ್ಟ ಹೆಸರು 'ಸ್ವರ'. ಕೇಳೋಕೆ ಚೆನ್ನಾಗಿದೆ. ಮುಖಪುಟದ ಮೇಲೆ ದೊಡ್ಡದಾಗಿ ಇಟ್ಟಾಗ ತೊಂದರೆ ಕಂಡಿತು. 'ಸ್ವ'ದ ಕೆಳಗೆ ವತ್ತು ಇಳಿಯುತ್ತದೆ. ಹೆಸರು ದೊಡ್ಡದಾದಷ್ಟೂ ಅದೂ ದೊಡ್ಡದಾಗಿ, ಗಾಯಕಿಯ ತಲೆಗೂದಲಿಗೆ ಬಂದು ತಾಗುತ್ತಿತ್ತು. ಫೋಟೊ ಕೆಳಗಿಳಿಸಿದರೆ ಕೈ ಕತ್ತರಿಸಿ ಹೋಗುತ್ತದೆ, ಹೆಸರು ಚಿಕ್ಕದು ಮಾಡಿದರೆ ದೂರದಿಂದ ಕಾಣುವುದಿಲ್ಲ. ನಾಲ್ಕು ದಿನ ಒದ್ದಾಡಿ ಹೆಸರನ್ನೇ ಬದಲಿಸಿದೆ. 'ತಂತಿ'. ಎರಡೇ ಅಕ್ಷರ, ಕೆಳಗೆ ಇಳಿಯುವುದು ಏನೂ ಇಲ್ಲ, 'ತಿ'ಯ ಗುಡಿಸು ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಅಂಗಡಿಯ ಕಟ್ಟೆಯಲ್ಲಿ ಪತ್ರಿಕೆಗಳು ಒಂದರ ಮೇಲೊಂದು ಸರಿದು ಕೂತಾಗ ಎಡಭಾಗ ಮಾತ್ರ ಹೊರಗೆ ಕಾಣುತ್ತದೆ. ಹಾಗಾಗಿ ಹೆಸರನ್ನು ಎಡಕ್ಕೇ ಒತ್ತಿ ಇಟ್ಟೆ. ಒಳಗಿನ ಲೇಖನಗಳ ಸುಳಿವು ಕೊಡುವ ಸಾಲುಗಳೂ ಅದೇ ಬದಿಗೆ ಬಂದವು.

ಬಣ್ಣದ ವಿಷಯದಲ್ಲಿ ಸ್ಕ್ರೈಬಸ್‌ನ ಒಂದು ಗುಣ ನನಗೆ ಬಹಳ ಹಿಡಿಸಿತು. ಇಲ್ಲಿ ಪ್ರತಿ ಬಣ್ಣಕ್ಕೂ ಹೆಸರು ಕೊಟ್ಟು ಪಟ್ಟಿಗೆ ಸೇರಿಸಬೇಕು. ಆಮೇಲೆ ಆ ಹೆಸರಿನ ಬಣ್ಣ ಬದಲಿಸಿದರೆ 16 ಪುಟಗಳಲ್ಲೂ ಒಂದೇ ಸಲ ಬದಲಾಗುತ್ತದೆ. ನಾನು ಮೊದಲು ಒಂಬತ್ತು ಬಣ್ಣ ಸೇರಿಸಿದ್ದೆ, ಪ್ರತಿ ಕಲಾವಿದರಿಗೂ ಒಂದೊಂದು. ಆ ದಿನಗಳಲ್ಲೇ ಬ್ಲೂ ನೋಟ್ ಕಂಪನಿಯ ಜಾಝ್ ರೆಕಾರ್ಡುಗಳ ಹೊದಿಕೆಗಳನ್ನು ನೋಡುತ್ತಾ ಕೂತಿದ್ದೆ. 1950 ಮತ್ತು 60ರ ದಶಕದಲ್ಲಿ ರೀಡ್ ಮೈಲ್ಸ್ ವಿನ್ಯಾಸ ಮಾಡಿದವು, ಫೋಟೊಗಳಲ್ಲಿ ಹೆಚ್ಚಿನವು ಫ್ರಾನ್ಸಿಸ್ ವೂಲ್ಫ್ ಅವರವು. ಒಂದು ಕಪ್ಪು ಬಿಳುಪು ಫೋಟೊ, ಮೇಲೆ ಒಂದೇ ಬಣ್ಣ, ಪಕ್ಕದಲ್ಲಿ ದಪ್ಪ ಅಕ್ಷರ. ಎಷ್ಟೋ ಹೊದಿಕೆಗಳಲ್ಲಿ ಅಷ್ಟೇ ಇರುವುದು. ಆದರೂ ಒಳಗಿನ ಸಂಗೀತ ಕಿವಿಗೆ ಬಿದ್ದ ಹಾಗಾಗುತ್ತದೆ. ಅವತ್ತು ರಾತ್ರಿ ಏಳು ಬಣ್ಣ ಅಳಿಸಿದೆ. ಅಳಿಸುವಾಗ ಸ್ಕ್ರೈಬಸ್ ಪ್ರತಿ ಸಲವೂ ಕೇಳುತ್ತದೆ, ಇದರ ಜಾಗದಲ್ಲಿ ಯಾವುದನ್ನು ಹಾಕಲಿ ಅಂತ. ಕಪ್ಪು ಮತ್ತು ಅರಿಶಿನ ಉಳಿದವು.

ಅಕ್ಷರಗಳ ವಿಷಯಕ್ಕೆ ಬಂದರೆ, ಒಳಬರಹಕ್ಕೆ ನೋಟೊ ಸೆರಿಫ್ ಕನ್ನಡ, ತಲೆಬರಹಕ್ಕೆ ಅನೇಕ್ ಕನ್ನಡ ಬಳಸಿದೆ. ಎರಡೂ ಉಚಿತ. ಇಂಗ್ಲಿಷ್ ಪತ್ರಿಕೆಗಳನ್ನು ನೋಡಿ ಮೊದಲು 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಂತರ ಕೊಟ್ಟಿದ್ದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಗುದ್ದಿತು. 15ಕ್ಕೆ ಏರಿಸಿದ ಮೇಲೆ ಓದೋಕೆ ಹಾಯೆನಿಸಿತು. ಮೂರು ಕಾಲಂ ಮಾಡಿ ಎರಡೂ ಅಂಚು ಸಮ ಮಾಡಿದಾಗಲೂ ಸೋತೆ. ಕನ್ನಡದ ಪದಗಳು ಉದ್ದ. ಸಣ್ಣ ಕಾಲಂನಲ್ಲಿ ಎರಡು ಪದ ಕೂತರೆ ಮೂರನೆಯದು ಕೆಳಗೆ ಹೋಗುತ್ತದೆ, ಸಾಲು ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತದೆ. ಎರಡು ಕಾಲಂಗೆ ಇಳಿದೆ, ಬಲ ಅಂಚನ್ನು ಅದರ ಪಾಡಿಗೆ ಬಿಟ್ಟೆ. ಅಕ್ಷರ, ಸಾಲಂತರ, ಅಂಚು ಇವನ್ನು ಪ್ಯಾರಾ ಸ್ಟೈಲ್‌ನಲ್ಲಿ ಒಮ್ಮೆ ಬದಲಿಸಿದರೆ ಇಡೀ ಪತ್ರಿಕೆ ಬದಲಾಗುತ್ತದೆ. ದಯವಿಟ್ಟು ಮೊದಲ ದಿನವೇ ಸ್ಟೈಲ್ ಮಾಡಿಕೊಳ್ಳಿ. ನಾನು ಮೂರನೇ ವಾರ ಮಾಡಿದೆ, ಅಷ್ಟರಲ್ಲಿ ಹನ್ನೊಂದು ಪುಟ ಕೈಯಲ್ಲೇ ತಿದ್ದಿ ಆಗಿತ್ತು.

ಪುಟ ವಿನ್ಯಾಸಕ ಡೇವಿಡ್ ಕಾರ್ಸನ್ ಬಗ್ಗೆಯೂ ಹೇಳಬೇಕು. ರೇ ಗನ್ ಅನ್ನೋ ಅಮೆರಿಕದ ಸಂಗೀತ ಪತ್ರಿಕೆಯಲ್ಲಿ ಅವರು 1994ರಲ್ಲಿ ಗಾಯಕ ಬ್ರಯಾನ್ ಫೆರ್ರಿ ಸಂದರ್ಶನವನ್ನು ಇಡಿಯಾಗಿ ಜಾಫ್ ಡಿಂಗ್‌ಬ್ಯಾಟ್ಸ್ ಫಾಂಟ್‌ನಲ್ಲಿ ಹಾಕಿದರು. ಅದು ಚಿಹ್ನೆಗಳ ಫಾಂಟ್, ಒಂದಕ್ಷರವೂ ಓದೋಕೆ ಬರುವುದಿಲ್ಲ. ಸಂದರ್ಶನ ಅವರಿಗೆ ಸಪ್ಪೆ ಅನ್ನಿಸಿತ್ತಂತೆ. ಇದನ್ನು ಓದಿ ನಾನೂ ಒಂದು ಪುಟದಲ್ಲಿ ಸಾಲುಗಳನ್ನು ಓರೆ ಮಾಡಿ ಒಂದರ ಮೇಲೊಂದು ಹೇರಿದೆ. ಅದನ್ನು ಕೊಟ್ಟದ್ದು ಹದಿನೇಳು ವರ್ಷದ ಒಬ್ಬ ಡ್ರಮ್ಮರ್ ಹುಡುಗನ ಲೇಖನಕ್ಕೆ. ಅವನು ತನ್ನ ಮೊದಲ ಕಾರ್ಯಕ್ರಮದಲ್ಲಿ ಕೋಲು ಕೈಜಾರಿದ್ದನ್ನು, ಮೂರು ತಾಳ ಬರೀ ಎಡಗೈಯಲ್ಲಿ ನಡೆಸಿದ್ದನ್ನು ಎಷ್ಟು ಚೆನ್ನಾಗಿ ಹೇಳಿದ್ದ! ಕರಡು ನೋಡಿದ ಗೆಳತಿ ಆ ಪುಟವನ್ನು ಓದದೇ ತಿರುವಿದಳು. "ಇವನು ಏನು ಹೇಳಿದಾನೆ ಅಂತ ಗೊತ್ತಾಗ್ಲಿಲ್ಲ ಕಣೇ" ಅಂದಳು. ಅವತ್ತೇ ಸಾಲುಗಳನ್ನೆಲ್ಲ ನೇರ ಮಾಡಿದೆ. ಕೋಲು ಜಾರಿದ ಜಾಗದಲ್ಲಿ ಮಾತ್ರ ಮೂರು ಸಾಲಿನಷ್ಟು ಖಾಲಿ ಬಿಟ್ಟೆ.

ಇನ್ನು ಇಡೀ ಪ್ರಾಜೆಕ್ಟ್‌ನಲ್ಲಿ ನಾನು ಅತಿ ಹೆಚ್ಚು ಕಲಿತ ಜಾಗ. ಒಬ್ಬ ಗಿಟಾರ್ ವಾದಕಿಯ ಎಡಗೈಯನ್ನು ತುಂಬಾ ಹತ್ತಿರದಿಂದ ತೆಗೆದ ಫೋಟೊ ಇತ್ತು. ನಾಲ್ಕು ಬೆರಳು ತಂತಿಗಳ ಮೇಲೆ, ತುದಿಯ ಚರ್ಮ ಗಟ್ಟಿಯಾಗಿ ಹೊಳೆಯುತ್ತಿದೆ, ತೋರುಬೆರಳಿನ ಮೇಲೆ ತಂತಿಯ ಗೆರೆ ಒತ್ತಿ ಉಳಿದಿದೆ. ಆ ಒಂದು ಫೋಟೊಗಾಗಿಯೇ ಪತ್ರಿಕೆ ಮಾಡಿದ ಹಾಗಿತ್ತು. ಎರಡು ಪುಟಕ್ಕೆ ಹರಡಿ 6 ಮತ್ತು 7ರಲ್ಲಿ ಇಟ್ಟೆ. ಪರದೆಯ ಮೇಲೆ ಅದ್ಭುತವಾಗಿತ್ತು. ಮಾದರಿ ಪ್ರತಿ ಅಚ್ಚಾಗಿ ಬಂದಾಗ ಎದೆ ಒಡೆಯಿತು. ನಡುವಿನ ಮಡಿಕೆಯಲ್ಲಿ ತೋರುಬೆರಳು ಎರಡಾಗಿತ್ತು. ಎಡ ಪುಟದ ಅರ್ಧ ಮೇಲೆ, ಬಲ ಪುಟದ ಅರ್ಧ ಒಂದೂವರೆ ಮಿಲಿಮೀಟರ್ ಕೆಳಗೆ. ತಂತಿಗಳೂ ಅಲ್ಲಿಯೇ ತುಂಡಾಗಿದ್ದವು.

ಯಾಕೆ ಹೀಗಾಯಿತು ಅಂತ ತಿಳಿಯಲು ನಾಲ್ಕು ಖಾಲಿ ಹಾಳೆ ತೆಗೆದುಕೊಂಡು, ಒಂದರೊಳಗೊಂದು ಮಡಿಸಿ, ಪುಟದ ಸಂಖ್ಯೆ ಬರೆದೆ. ಬಿಡಿಸಿ ನೋಡಿದೆ. 1ರ ಪಕ್ಕ 16, 2ರ ಪಕ್ಕ 15, 6ರ ಪಕ್ಕ 11, 7ರ ಪಕ್ಕ 10. ಕೂಡಿದರೆ ಯಾವಾಗಲೂ 17. ಓದುವಾಗ 6 ಮತ್ತು 7 ಅಕ್ಕಪಕ್ಕ ಇರುತ್ತವೆ, ಆದರೆ ಅಚ್ಚಾಗುವುದು ಬೇರೆ ಬೇರೆ ಹಾಳೆಯಲ್ಲಿ. ಮಡಿಸಿ, ಪಿನ್ ಹೊಡೆದು, ಅಂಚು ಕತ್ತರಿಸುವಾಗ ಕೂದಲೆಳೆಯಷ್ಟು ಸರಿದರೂ ಚಿತ್ರ ಮುರಿಯುತ್ತದೆ. ಇಡೀ ಪತ್ರಿಕೆಯ ಒಳಗೆ ಎರಡು ಪುಟ ಒಂದೇ ಹಾಳೆಯ ಒಂದೇ ಬದಿಯಲ್ಲಿ ಅಕ್ಕಪಕ್ಕ ಬರುವುದು ಒಂದೇ ಕಡೆ, ನಟ್ಟನಡುವೆ. 8 ಮತ್ತು 9. ಫೋಟೊವನ್ನು ಅಲ್ಲಿಗೆ ಒಯ್ದೆ. ಪಿನ್‌ಗಳು ಬೆರಳಿಗೆ ಚುಚ್ಚದ ಹಾಗೆ ಚಿತ್ರವನ್ನು ಸ್ವಲ್ಪ ಎಡಕ್ಕೆ ಸರಿಸಿದೆ. ಸ್ಕ್ರೈಬಸ್‌ನಲ್ಲಿ ಪುಟಗಳನ್ನು ಪಟ್ಟಿಯಲ್ಲಿ ಹಿಡಿದು ಎಳೆದು ಹಿಂದೆ ಮುಂದೆ ಮಾಡಬಹುದು, ಹಾಗಾಗಿ ಕೆಲಸ ಹತ್ತು ನಿಮಿಷದ್ದು. ಅರ್ಥ ಮಾಡಿಕೊಳ್ಳಲು ಒಂದು ಸಂಜೆ ಹಿಡಿಯಿತು.

ಮಾದರಿ ಪ್ರತಿಯಲ್ಲಿ ಇನ್ನೊಂದು ತಪ್ಪೂ ಕಂಡಿತು. ಒಳಬರಹದ ಸಣ್ಣ ಅಕ್ಷರಗಳ ಅಂಚಿನಲ್ಲಿ ತೆಳುವಾಗಿ ಗುಲಾಬಿ, ನೀಲಿ ನೆರಳು. ಕಾರಣ ನಾನೇ. ಅಕ್ಷರಕ್ಕೆ ಪರದೆಯ ಆರ್‌ಜಿಬಿ ಕಪ್ಪು ಕೊಟ್ಟಿದ್ದೆ. ಅಚ್ಚಿಗೆ ಹೋಗುವಾಗ ಅದು ನಾಲ್ಕು ಶಾಯಿಗಳ ಮಿಶ್ರಣವಾಗುತ್ತದೆ, ನಾಲ್ಕೂ ಒಂದರ ಮೇಲೊಂದು ಕರಾರುವಾಕ್ಕಾಗಿ ಬೀಳದಿದ್ದರೆ ಅಂಚು ಮಸುಕಾಗುತ್ತದೆ. ಬರಹಕ್ಕೆ ಬರೀ ಕಪ್ಪು ಶಾಯಿ, ಅಂದರೆ ಸಿಎಂವೈಕೆ ಅನ್ನೋ ನಾಲ್ಕು ಶಾಯಿಗಳ ಲೆಕ್ಕದಲ್ಲಿ ಕೆ (ಕಪ್ಪು) ನೂರು, ಉಳಿದ ಮೂರು ಸೊನ್ನೆ ಇರಬೇಕು. ಬಣ್ಣದ ಪಟ್ಟಿಯಲ್ಲಿ ಒಂದು ಕಡೆ ತಿದ್ದಿದೆ, ಎಲ್ಲಾ ಪುಟ ಸರಿಯಾಯಿತು. ಹೆಸರಿಟ್ಟ ಬಣ್ಣದ ಬೆಲೆ ಆಗ ಇನ್ನೂ ಚೆನ್ನಾಗಿ ಗೊತ್ತಾಯಿತು.

ಪಿಡಿಎಫ್ ಮಾಡುವ ಮೊದಲು ಸ್ಕ್ರೈಬಸ್ ತಾನೇ ಒಂದು ತಪಾಸಣೆ ನಡೆಸುತ್ತದೆ. ಚೌಕಟ್ಟಿನಿಂದ ಹೊರಗೆ ಉಳಿದ ಬರಹ, ಕಡಿಮೆ ರೆಸಲ್ಯೂಷನ್‌ನ ಚಿತ್ರ, ಫಾಂಟ್‌ನಲ್ಲಿ ಇಲ್ಲದ ಅಕ್ಷರ, ಎಲ್ಲವನ್ನೂ ಪುಟದ ಸಂಖ್ಯೆ ಸಮೇತ ಹೇಳುತ್ತದೆ. ನನ್ನ 12ನೇ ಪುಟದಲ್ಲಿ ಒಂದು ಲೇಖನದ ಕೊನೆಯ ಸಾಲು ಮರೆಯಾಗಿದ್ದನ್ನು ಅದೇ ಹಿಡಿಯಿತು. ನಾನು ಐದು ಸಲ ಓದಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮುದ್ರಣದವರು ಕೇಳುವ ಪಿಡಿಎಫ್/ಎಕ್ಸ್ ಮಾದರಿಗಳೂ ಇದರಲ್ಲಿವೆ. ಅಂಚಿಗೆ ತಾಗುವ ಚಿತ್ರ ಇದ್ದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಿಡೋದನ್ನು ಕಡತ ತೆರೆಯುವಾಗಲೇ ಹೇಳಿಬಿಡಿ.

ಕೊರತೆಗಳೂ ಇವೆ. ಪುಟಗಳನ್ನು ಅಚ್ಚಿನ ಹಾಳೆಯ ಕ್ರಮಕ್ಕೆ ಜೋಡಿಸುವ ಸೌಲಭ್ಯ ಇದರೊಳಗೆ ಇಲ್ಲ. ಒಂದೊಂದೇ ಪುಟದ ಪಿಡಿಎಫ್ ಕೊಟ್ಟು ಜೋಡಣೆಯನ್ನು ಮುದ್ರಣದವರಿಗೆ ಬಿಡಬೇಕು, ಅಥವಾ ಬೇರೆ ತಂತ್ರಾಂಶ ಹುಡುಕಬೇಕು. ಚಿತ್ರಗಳು ತಾವಾಗಿ ಕಡತದ ಒಳಗೆ ಸೇರುವುದಿಲ್ಲ, ಎಲ್ಲಿವೆ ಅನ್ನೋ ವಿಳಾಸ ಮಾತ್ರ ಉಳಿಯುತ್ತದೆ. ಫೋಟೊಗಳ ಫೋಲ್ಡರ್ ಹೆಸರು ಬದಲಿಸಿದ ದಿನ ನನ್ನ ಚೌಕಟ್ಟುಗಳೆಲ್ಲ ಖಾಲಿಯಾದವು. ಬೇರೆ ಕಂಪ್ಯೂಟರಿಗೆ ಒಯ್ಯುವಾಗ ಚಿತ್ರ, ಫಾಂಟ್ ಎಲ್ಲವನ್ನೂ ಒಂದೇ ಕಡೆ ಸೇರಿಸುವ ಆಯ್ಕೆ ಇದೆ, ಅದನ್ನು ತಪ್ಪದೆ ಬಳಸಿ. 1.6ರಲ್ಲಿ ಉಳಿಸಿದ ಕಡತ ಹಳೆಯ 1.4ರಲ್ಲಿ ತೆರೆಯುವುದಿಲ್ಲ, ಹಾಗಾಗಿ ಗುಂಪಿನಲ್ಲಿ ಕೆಲಸ ಮಾಡುವವರು ಎಲ್ಲರೂ ಒಂದೇ ಆವೃತ್ತಿ ಹಾಕಿಕೊಳ್ಳಿ. ಕನ್ನಡದಲ್ಲಿ ಕಲಿಸುವ ಪಾಠಗಳು ನನಗೆ ಸಿಗಲಿಲ್ಲ. ಹೆಚ್ಚಿನದನ್ನು ಮಾಡಿ ಮಾಡಿಯೇ ಕಲಿತೆ.

ಒಂದು ಸಂಜೆಯಲ್ಲಿ ಪೋಸ್ಟರ್ ಮಾಡಿ ಮೊಬೈಲಿಗೆ ಕಳಿಸಬೇಕಾದವರಿಗೆ ಸ್ಕ್ರೈಬಸ್ ಬೇಡ. ಅಚ್ಚಾಗುವ ಪತ್ರಿಕೆಯನ್ನು ಮೊದಲ ಸಲ ಮಾಡುವ ವಿದ್ಯಾರ್ಥಿಗೆ ಮನಸಾರೆ ಹೇಳುತ್ತೇನೆ, ಇದನ್ನೇ ತೆಗೆದುಕೊಳ್ಳಿ, ಎರಡು ವಾರ ತಾಳ್ಮೆ ಇಟ್ಟುಕೊಳ್ಳಿ.

'ತಂತಿ' ಅಚ್ಚಾಗಿ ಬಂದ ದಿನ ಗಿಟಾರ್ ವಾದಕಿಗೆ ಮೊದಲ ಪ್ರತಿ ಕೊಟ್ಟೆ. ನಡುಪುಟ ಬಿಡಿಸಿ ತನ್ನ ಬೆರಳಿನ ಪಕ್ಕ ಆ ಬೆರಳನ್ನು ಇಟ್ಟು ನೋಡಿದಳು. ಈಗ ಎರಡನೇ ಸಂಚಿಕೆಯ ಕಡತ ತೆರೆದಿದ್ದೇನೆ, 20 ಪುಟ. ಐದು ಖಾಲಿ ಹಾಳೆ ಮಡಿಸಿ ಮೇಜಿನ ಮೇಲೆ ಇಟ್ಟಿದ್ದೇನೆ. ಈ ಸಲ ನಡುವೆ ಬರುವುದು 10 ಮತ್ತು 11. ಅಲ್ಲಿ ಯಾರ ಫೋಟೊ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.