ಬೆಲ್ಟ್ ಟೆನ್ಷನರ್: ಬೇರಿಂಗ್ ಮಾತ್ರ ಬದಲಿಸಬೇಕೇ, ಪೂರ್ತಿ ಜೋಡಣೆಯನ್ನೇ?

ಇಂಜಿನ್ನಿನ ಮುಂಭಾಗದಲ್ಲಿ ಕೀಚಲು ಸದ್ದು ಕೇಳಿಸಿದ ಕೂಡಲೇ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎ.ಸಿ. ಮೊದಲಾದವನ್ನು ತಿರುಗಿಸುವ ಬೆಲ್ಟನ್ನು ಹೊಸದಾಗಿ ಹಾಕಿಸುವುದು ನಮ್ಮ ಕಡೆ ರೂಢಿಯಾಗಿದೆ. ಹೊಸ ಬೆಲ್ಟಿಗೂ ಅದೇ ಸದ್ದು ಮರಳಿದರೆ, ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರನ್ನು ನೋಡಬೇಕು. ಮನೆಯ ಡೀಸೆಲ್ ಕಾರಿನಲ್ಲೂ ತೋಟದ ಪಿಕಪ್ಪಿನಲ್ಲೂ ನಾನು ಇದಕ್ಕೆ ಮೂರು ಪರಿಹಾರಗಳನ್ನು ಬಳಸಿ ನೋಡಿದ್ದೇನೆ: ಪುಲ್ಲಿಯ ಬೇರಿಂಗನ್ನಷ್ಟೇ ಬದಲಿಸುವುದು, ಹೊರಗಿನ ತಯಾರಕರ ಅಗ್ಗದ ಪೂರ್ತಿ ಟೆನ್ಷನರ್ ಕೂರಿಸುವುದು, ವಾಹನ ಕಂಪನಿಯದೇ ಬಿಡಿಭಾಗ ತರಿಸುವುದು.

ಟೆನ್ಷನರ್ ಎಂದರೆ ಬರಿಯ ಪುಲ್ಲಿಯಲ್ಲ. ಅದರೊಳಗೆ ಪುಲ್ಲಿಯನ್ನು ಹೊತ್ತ ತೋಳನ್ನು ಬೆಲ್ಟಿನತ್ತ ಒತ್ತುವ ಸ್ಪ್ರಿಂಗ್ ಇರುತ್ತದೆ. ಇಂಜಿನ್ನಿನ ಪ್ರತಿ ಉರಿತದೊಂದಿಗೆ ಬರುವ ನಡುಕವನ್ನು ತಿಕ್ಕಾಟದಿಂದ ತಗ್ಗಿಸುವ ಬುಷ್ ಕೂಡ ಇರುತ್ತದೆ. ಬೇರಿಂಗ್ ಸವೆದರೆ ಒಣ ಗುರುಗುರು ಸದ್ದು ಬರುತ್ತದೆ, ಬುಷ್ ಸವೆದರೆ ತೋಳು ಕುಣಿಯತೊಡಗುತ್ತದೆ. ಈ ಎರಡು ದೋಷಗಳನ್ನು ಬೇರ್ಪಡಿಸದೆ ಯಾವ ಭಾಗ ಕೊಂಡರೂ ಹಣ ದಂಡವಾಗುವ ಸಂಭವವೇ ಹೆಚ್ಚು.

ಕೊಡಗಿನಲ್ಲಿ ಮೊದಲು ಸೋಲುವುದು ಬೇರಿಂಗ್ ಎಂಬುದು ನನ್ನ ಅನುಭವ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೋಟದ ದಾರಿಯ ಕೆಂಪು ಕೆಸರು ಕೆಳಗಿನಿಂದ ಚಿಮ್ಮುತ್ತಲೇ ಇರುತ್ತದೆ; ಇಂಜಿನ್ನಿನ ತಳದ ತಟ್ಟೆ ಒಡೆದು ಹೋಗಿದ್ದರಂತೂ ಪುಲ್ಲಿಗೆ ಯಾವ ಮರೆಯೂ ಇಲ್ಲ. ನೀರು ರಬ್ಬರ್ ಸೀಲನ್ನು ದಾಟಿದರೆ ಗ್ರೀಸ್ ಕೆಡುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ.

ಪಿಕಪ್ಪಿನ ಪುಲ್ಲಿ ಉಕ್ಕಿನದಾಗಿದ್ದು, ಅದರೊಳಗೆ 6203 ಸಂಖ್ಯೆಯ, ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗ್ ಕೂತಿತ್ತು. ಒಳರಂಧ್ರ 17 ಮಿಲಿಮೀಟರ್, ಹೊರ ಅಳತೆ 40, ದಪ್ಪ 12. ಇದು ಬೇರಿಂಗ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅಳತೆ, ಖರ್ಚು ಕೆಲವೇ ನೂರು ರೂಪಾಯಿ. ಕೂರಿಸುವಾಗ ಒತ್ತಡವನ್ನು ಹೊರಬಳೆಯ ಮೇಲೆಯೇ ಹಾಕಬೇಕು. ಒಳಬಳೆಯನ್ನು ಒತ್ತಿದರೆ ಗುಂಡುಗಳು ಓಡುವ ದಾರಿಯಲ್ಲಿ ತಗ್ಗು ಬಿದ್ದು ಹೊಸ ಬೇರಿಂಗೂ ಬೇಗ ಸದ್ದು ಮಾಡುತ್ತದೆ. ಕೆಲವು ವಾಹನಗಳಲ್ಲಿ ಪುಲ್ಲಿಯ ಬೋಲ್ಟಿಗೆ ಎಡಮರೆ (ಬಲಕ್ಕೆ ತಿರುಗಿಸಿದರೆ ಸಡಿಲವಾಗುವ ತಿರುಪು) ಇರುವುದರಿಂದ ಬಲ ಹಾಕುವ ಮೊದಲು ಅದನ್ನು ಖಚಿತಪಡಿಸಿಕೊಳ್ಳಬೇಕು. ಪ್ಲಾಸ್ಟಿಕ್ ಪುಲ್ಲಿಗಳಲ್ಲಿ ಬೇರಿಂಗನ್ನು ಅಚ್ಚಿನಲ್ಲೇ ಕೂಡಿಸಿರುವುದರಿಂದ ಅಲ್ಲಿ ಈ ದಾರಿ ಸಾಮಾನ್ಯವಾಗಿ ಮುಚ್ಚಿದೆ.

‘ಬೇರಿಂಗ್ ಹೋಗಿದೆ ಅಷ್ಟೇ ಸಾರ್, ಪೂರ್ತಿ ಸೆಟ್ ಯಾಕೆ?’ ಎಂಬ ಮೆಕ್ಯಾನಿಕ್ಕನ ಮಾತು ಪಿಕಪ್ಪಿನ ಮಟ್ಟಿಗೆ ಸರಿಯಾಗಿಯೇ ಇತ್ತು. ಕಾರಿಗೆ ಅದು ಹೊಂದಲಿಲ್ಲ. ಅಲ್ಲಿ ಹೊಸ ಬೇರಿಂಗಿನಿಂದ ಗುರುಗುರು ನಿಂತರೂ, ತೋಳಿನ ಬುಷ್ ಸವೆದು ಪುಲ್ಲಿ ಓರೆಯಾಗಿದ್ದುದರಿಂದ ಬೆಳಗಿನ ತಂಪಿನಲ್ಲಿ ಕೀಚಲು ಸದ್ದು ಉಳಿದೇಹೋಯಿತು.

ಆಮೇಲೆ ಕೂರಿಸಿದ ಅಗ್ಗದ ಟೆನ್ಷನರಿನ ಬೆಲೆ ಕಂಪನಿ ಭಾಗದ ಅರ್ಧಕ್ಕಿಂತ ಕಡಿಮೆಯಿತ್ತು. ಹೊರನೋಟಕ್ಕೆ ಎರಡೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಪಾನ (ಸ್ಪ್ಯಾನರ್) ಹಾಕಿ ತೋಳನ್ನು ತಿರುಗಿಸಿದಾಗ: ಕಂಪನಿಯದು ಎರಡೂ ದಿಕ್ಕಿನಲ್ಲಿ ಒಂದೇ ಸಮನಾದ ಬಿಗಿಯಿಂದ ಚಲಿಸುತ್ತದೆ, ಅಗ್ಗದ್ದು ಕೈಬಿಟ್ಟೊಡನೆ ಇಲಿಬೋನಿನ ಬಾಗಿಲಿನಂತೆ ಫಟ್ಟನೆ ಮರಳುತ್ತದೆ. ನಿಂತಲ್ಲಿ ಓಡುವ ಇಂಜಿನ್ನಿನಲ್ಲಿ ದೋಷ ಕಾಣಲಿಲ್ಲ, ಎ.ಸಿ. ಹಾಕಿದೊಡನೆ ತೋಳು ಎದ್ದು ಕುಣಿಯುತ್ತಿತ್ತು. ಸಂಪಾಜೆ ಘಾಟಿಯನ್ನು ಕೆಳ ಗೇರಿನಲ್ಲಿ ಹತ್ತುವಾಗಲಂತೂ ಆ ಸದ್ದನ್ನು ಕೇಳಿಕೊಂಡೇ ಕೂರಬೇಕಾಗಿತ್ತು. ಬೆಲ್ಟ್ ಕಳಚಿದರೆ ಚಾರ್ಜ್ ನಿಲ್ಲುತ್ತದೆ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತಿದ್ದರೆ ಇಂಜಿನ್ ಕುದಿಯುತ್ತದೆ. ಕೆಲವು ಹಳೆಯ ಡೀಸೆಲ್ ವಾಹನಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುವುದರಿಂದ, ಇಳಿಜಾರಿನಲ್ಲಿ ಬ್ರೇಕ್ ಕೂಡ ಕಲ್ಲಿನಂತಾಗುತ್ತದೆ. ಅಂತಹ ವಾಹನಕ್ಕೆ ಈ ಉಳಿತಾಯವನ್ನು ನಾನು ಒಪ್ಪಲಾರೆ.

ಕಂಪನಿಯ ಭಾಗಕ್ಕೆ ಹಣವೂ ಹೆಚ್ಚು, ಮೈಸೂರಿನಿಂದಲೋ ಮಂಗಳೂರಿನಿಂದಲೋ ಬರುವವರೆಗೆ ಕಾಯುವುದೂ ಇದೆ. ಕೂರಿಸಿದ ಮೇಲೆ ಕಾರಿನ ಸದ್ದು ನಿಂತಿತು, ತೋಳು ನಿಶ್ಚಲವಾಯಿತು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ವಾಹನ ಕಾರ್ಖಾನೆಗಳಿಗೇ ಪೂರೈಸುವ ಬೇರಿಂಗ್ ತಯಾರಕರು ತಮ್ಮ ಪೆಟ್ಟಿಗೆಯಲ್ಲಿ ಮಾರುವ ಟೆನ್ಷನರ್ ಸಿಕ್ಕರೆ ಅದನ್ನೂ ಧೈರ್ಯವಾಗಿ ಕೊಳ್ಳಬಹುದು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಸುಲಭ. ನಿಂತಲ್ಲಿ ಓಡುವ ಇಂಜಿನ್ನಿನಲ್ಲಿ, ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟು, ಬೆಲ್ಟಿನ ಚಡಿಯ ಬದಿಗೆ ತುಸು ನೀರು ಸಿಂಪಡಿಸಬೇಕು: ಸದ್ದು ಕ್ಷಣಕಾಲ ನಿಂತು ಮರಳಿದರೆ ಪುಲ್ಲಿಗಳ ಸಾಲು ತಪ್ಪಿದೆ, ಹೆಚ್ಚಾದರೆ ಬಿಗಿತ ಸಾಲದು. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಹಳೆಯವುಗಳಂತೆ ಬೇಗ ಬಿರುಕು ಬಿಡದೆ ಚಡಿಗಳಲ್ಲೇ ಸವೆಯುವುದರಿಂದ, ಬಿರುಕಿಲ್ಲವೆಂದು ಹಳೆಯದನ್ನೇ ಹೊಸ ಟೆನ್ಷನರಿಗೆ ಹಾಕಬಾರದು. ಆಲ್ಟರ್ನೇಟರಿಗೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಪುಲ್ಲಿಯಿದ್ದರೆ ಅದನ್ನೂ ಇದೇ ವೇಳೆ ತಿರುಗಿಸಿ ನೋಡಬೇಕು. ಅದು ಕಚ್ಚಿಕೊಂಡಿದ್ದರೆ ಕಂಪನಿಯ ಟೆನ್ಷನರಿನ ತೋಳೂ ಕುಣಿಯುತ್ತದೆ.